ಎಗೊನನ ಬೆನ್ನು

ಎಸ್ಸೆನ್ ನಗರದ ಉತ್ತರದ ಅಂಚಿನಲ್ಲಿ, ಆಗಾಥೆ ಗಣಿಯ ಕೆಲಸಗಾರರಿಗೆಂದು ಹಿಂದೆಂದೋ ಕಟ್ಟಿಸಿದ ಕೆಂಪಿಟ್ಟಿಗೆಯ ಮನೆಗಳ ಸಾಲಿನಲ್ಲಿ, ಎಗೊನ್ ಶಿಮಾನ್ಯಾಕ್ ಎಂಬ ವೀರನಿದ್ದ. ಕರ್ಣನಿಗೆ ಕವಚ ಹೇಗೋ ಎಗೊನನಿಗೆ ಬೆನ್ನು ಹಾಗೆ. ಹುಟ್ಟಿನಿಂದ ಬಂದದ್ದು, ಬಾಗಿಲಿನಷ್ಟು ಅಗಲದ್ದು, ಕೊನೆಗಾಲದಲ್ಲಿ ಕೈಕೊಟ್ಟದ್ದು. ಭೂಮಿಯ ಹೊಟ್ಟೆಯೊಳಗೆ ಬಗ್ಗಿ ಕಲ್ಲಿದ್ದಲು ಕಡಿಯುವಾಗ ಆದ ಗಾಯಗಳೊಳಗೆ ಇದ್ದಲ ಪುಡಿ ಕೂತು, ಅಲ್ಲಲ್ಲಿ ನೀಲಿ ಹಚ್ಚೆಯಂಥ ಗೆರೆಗಳು ಉಳಿದಿದ್ದವು. ಬೇಸಿಗೆಯಲ್ಲಿ ಅವನು ಅಂಗಿ ಬಿಚ್ಚಿ ತೋಟದಲ್ಲಿ ನಿಂತರೆ ಯಾವುದೋ ದೇಶದ ನದಿಗಳ ನಕ್ಷೆಯನ್ನು ಒಣಹಾಕಿದಂತೆ ಕಾಣುತ್ತಿತ್ತು.

ಎಪ್ಪತ್ತು ದಾಟಿದ ಮೇಲೆ ಆ ಬೆನ್ನು ತುರಿಸತೊಡಗಿತು. ವೈದ್ಯರು ಕನ್ನಡಕ ಏರಿಸಿ ನೋಡಿ, ಚರ್ಮ ಚೆನ್ನಾಗಿದೆ ಎಂದು ಮುಲಾಮು ಬರೆದುಕೊಟ್ಟರು. ಮಗ ಉದ್ದ ಹಿಡಿಯ ಬ್ರಷ್ ತಂದುಕೊಟ್ಟ. ಹೆಂಡತಿ ಇರ್ಮಾ ಶನಿವಾರಕ್ಕೊಮ್ಮೆ ಸ್ನಾನದ ಮನೆಗೆ ಬಂದು ತೋಳು ಮಡಿಸಿ ಉಜ್ಜಿದಳು.

"ಜೋರಾಗಿ ಉಜ್ಜೇ. ಬೆನ್ನು ಉಜ್ತಿದೀಯೋ, ಬೆಕ್ಕು ಸವರ್ತಿದೀಯೋ?"

"ಜೋರಾಗಿ ಬೇಕಾದ್ರೆ ನಾಲ್ಕನೇ ಮನೆಗೆ ಹೋಗು. ನಿನ್ನ ರೋಗ ಚರ್ಮದ್ದಲ್ಲ, ಲೋಟಾರಂದು."

ನಾಲ್ಕನೇ ಮನೆಯ ಲೋಟಾರ್ ಬ್ರಿಂಕ್‌ಹೋಫನ ಬಲಗೈ ಅಂಥ ಕೈ. ಅದು ಮುಟ್ಟಿದರೆ ಆ ಬೆನ್ನಿನ ತುರಿಕೆ ಒಂದೇ ಸಲಕ್ಕೆ ಹೋಗುತ್ತಿತ್ತೆಂಬುದು ಬೀದಿಗೆಲ್ಲ ಗೊತ್ತಿತ್ತು. ಆದರೆ ಆ ಲೋಟಾರ್ ಎಗೊನನ ಜೊತೆ ಮಾತುಬಿಟ್ಟು ಒಂದು ಜನ್ಮ ಆಗಿತ್ತು.

ಗಣಿಯ ಸ್ನಾನದ ಹಜಾರ ಎಂದರೆ ದೇವಸ್ಥಾನದ ಪ್ರಾಂಗಣದಷ್ಟು ದೊಡ್ಡದು. ಪ್ರತಿಯೊಬ್ಬನಿಗೂ ಒಂದು ಸರಪಳಿ, ಅದರ ತುದಿಗೊಂದು ಕೊಕ್ಕೆ. ಬಟ್ಟೆಯನ್ನು ಕೊಕ್ಕೆಗೆ ಸಿಕ್ಕಿಸಿ ಸರಪಳಿ ಎಳೆದರೆ ಅದು ಮಾಳಿಗೆಗೆ ಏರಿ ತೂಗುತ್ತದೆ. ತಲೆಯ ಮೇಲೆ ನೂರಾರು ಷರಾಯಿ, ಅಂಗಿ, ಬೂಟುಗಳ ಬಾವಲಿ ಸೈನ್ಯ; ಕೆಳಗೆ ನೂರಾರು ಬೆತ್ತಲೆ ಗಂಡಸರು, ಕಣ್ಣಿನ ಬಿಳಿ ಬಿಟ್ಟರೆ ಮಿಕ್ಕಿದ್ದೆಲ್ಲ ಕಪ್ಪು. ಮುಖ, ಎದೆ, ಕಾಲು ಅವರವರೇ ತೊಳೆದುಕೊಳ್ಳಬಹುದು. ಬೆನ್ನಿಗೆ ಮಾತ್ರ ಇನ್ನೊಬ್ಬನ ಕೈ ಬೇಕು. ಪಕ್ಕದವನ ಕಡೆ ತಿರುಗಿ "ಬೆನ್ನು" ಎಂದರೆ ಸಾಕು, ಅವನು ಉಜ್ಜಬೇಕು. ಆಮೇಲೆ ಅವನು ತಿರುಗುತ್ತಾನೆ, ಇವನು ಉಜ್ಜಬೇಕು. ಮೇಸ್ತ್ರಿಯಾಗಲಿ ನಿನ್ನೆ ಸೇರಿದವನಾಗಲಿ, ಅಂಕಾರಾದಿಂದ ಬಂದವನಾಗಲಿ ಅಜ್ಜನ ಕಾಲದಲ್ಲಿ ಪೋಲೆಂಡಿನಿಂದ ಬಂದವನಾಗಲಿ, ಕೊಳೆಯಾದ ಬೆನ್ನಿಗೆ ಇಲ್ಲ ಅನ್ನುವ ಹಾಗಿರಲಿಲ್ಲ. ಎಲ್ಲೂ ಬರೆದಿಡದ ಈ ನಿಯಮವನ್ನು ಮುರಿದವನೂ ಇರಲಿಲ್ಲ.

ಎಗೊನ್ ಮತ್ತು ಲೋಟಾರ್ ಒಂದೇ ಪಾಳಿಯವರು, ಅಕ್ಕಪಕ್ಕದ ಕೊಕ್ಕೆಯವರು. ಕಾರ್ಮಿಕರ ಸಂಘದ ಕುಣಿತದಲ್ಲಿ ಒಟ್ಟಿಗೆ ಹೆಣ್ಣು ಹುಡುಕಿದವರು, ಒಟ್ಟಿಗೆ ಸೋತವರು, ಆಮೇಲೆ ಬೇರೆಬೇರೆಯಾಗಿ ಗೆದ್ದವರು. ಇಬ್ಬರ ನಡುವೆ ಯುದ್ಧ ತಂದದ್ದು ಒಂದು ಬೋಗುಣಿ ಸೂಪು.

ಲೋಟಾರ್ ಪಾರಿವಾಳದವನು. ಅಲ್ಲಿನ ಗಣಿಯವರಿಗೆ ಪಾರಿವಾಳದ ಪಂದ್ಯವೆಂದರೆ ಬಡವನ ಕುದುರೆ ರೇಸು. ಅವನ ಬಳಿ ಒಂದು ಬೂದು ಹೆಣ್ಣಿತ್ತು, ಕಾಲಿಗೆ ಪಂದ್ಯದ ಉಂಗುರ, ಹೆಸರು ಸುಲ್ತಾನಾ. ವಿಯೆನ್ನಾದಲ್ಲಿ ಬೆಳಿಗ್ಗೆ ಬಿಟ್ಟರೆ ಸಂಜೆಗೆ ಮನೆಯ ಮಾಡಿಗೆ ಬಂದು ಕೂರುತ್ತಿತ್ತು. ಒಂದು ವಸಂತದಲ್ಲಿ ಲೋಟಾರ್ ಎದೆಯ ಸೋಂಕು ಹಿಡಿದು ಮಲಗಿದ. ಹಕ್ಕಿಗಳನ್ನು ಹೊರಗೆ ಬಿಡುವ ಕೆಲಸ ಅವನ ಹೆಂಡತಿಯ ಪಾಲಿಗೆ ಬಂತು, ಸುಲ್ತಾನಾಗೆ ಶಿಸ್ತು ತಪ್ಪಿತು. ಅದೇ ವಾರ ಎಗೊನನ ತೋಟದಲ್ಲಿ ಆಗ ತಾನೇ ಬಿತ್ತಿದ ಬಟಾಣಿಯನ್ನು ಒಂದು ಪಾರಿವಾಳ ಹೆಕ್ಕಿ ತಿನ್ನುತ್ತಿತ್ತು. ಕಾಯಿಲೆ ಬಿದ್ದವನಿಗೆ ಪಾರಿವಾಳದ ಸೂಪಿಗಿಂತ ದೊಡ್ಡ ಮದ್ದಿಲ್ಲವೆಂಬುದು ಆ ಬೀದಿಯ ಶಾಸ್ತ್ರ. ಬೀದಿ ಹಕ್ಕಿ ತಾನಾಗಿ ಬಂದಿದೆ, ಗೆಳೆಯ ಮಲಗಿದ್ದಾನೆ, ದೇವರ ಲೆಕ್ಕಾಚಾರ ಎಷ್ಟು ಚೆಂದ ಎಂದುಕೊಂಡು ಎಗೊನ್ ಟೊಪ್ಪಿ ಬೀಸಿ ಅದನ್ನು ಹಿಡಿದ, ಕತ್ತು ತಿರುವಿದ, ಇರ್ಮಾಳ ಕೈಗಿಟ್ಟ.

ಇರ್ಮಾ ಪುಕ್ಕ ಕಿತ್ತಳು, ಕಾಲು ಕತ್ತರಿಸಿ ಕಸದ ತೊಟ್ಟಿಗೆ ಹಾಕಿದಳು, ಬೇಯಿಸಿದಳು. ಎಗೊನ್ ಬೋಗುಣಿ ಹೊತ್ತು ಹೋಗಿ ತನ್ನ ಕೈಯಾರೆ ಚಮಚದಲ್ಲಿ ಕುಡಿಸಿದ. ಲೋಟಾರ್ ಎರಡು ಬಟ್ಟಲು ಕುಡಿದು, "ಇದು ಕಣೋ ಸ್ನೇಹ ಅಂದ್ರೆ," ಎಂದು ಕಣ್ಣೊರೆಸಿಕೊಂಡ.

ಎಗೊನ್ ಮನೆಗೆ ಬಂದಾಗ ಇರ್ಮಾ ತೊಟ್ಟಿಯ ಮುಂದೆ ನಿಂತಿದ್ದಳು.

"ಎಗೊನ್, ಬೀದಿ ಹಕ್ಕಿ ಕಾಲಿಗೆ ಉಂಗುರ ಹಾಕ್ಕೊಳ್ಳತ್ತಾ?"

ಎಗೊನ್ ವೀರನಾದ್ದರಿಂದ ಮರುದಿನವೇ ಹೋಗಿ ನಡೆದದ್ದನ್ನು ಹೇಳಿದ, ಕ್ಷಮೆ ಕೇಳಿದ. ಮದ್ದು ಎಷ್ಟು ಪ್ರಬಲವಾಗಿತ್ತೆಂದರೆ ಹಾಸಿಗೆ ಹಿಡಿದಿದ್ದ ಲೋಟಾರ್ ಎದ್ದು ನಿಂತು ಅವನನ್ನು ಮೆಟ್ಟಿಲಿನವರೆಗೆ ಅಟ್ಟಿಸಿಕೊಂಡು ಬಂದ. ಅಲ್ಲಿಗೆ ಜ್ವರ ಹೋಯಿತು, ಮಾತೂ ಹೋಯಿತು. ಎಗೊನ್ ಕೊಂಡುತಂದ ಹೊಸ ಜೋಡಿ ಪಾರಿವಾಳ ಬುಟ್ಟಿಯ ಸಮೇತ ವಾಪಸು ಬಂತು. ಮಧ್ಯಸ್ಥಿಕೆಗೆ ಹೋದ ಪಾದ್ರಿಗಳು ಪಾರಿವಾಳ ಪವಿತ್ರಾತ್ಮದ ರೂಪವೆಂದು ನೆನಪಿಸಹೋಗಿ ಜಗಳವನ್ನು ಇನ್ನಷ್ಟು ಗಟ್ಟಿ ಮಾಡಿ ಬಂದರು.

ಆದರೂ ಲೋಟಾರ್ ಕೆಲಸಕ್ಕೆ ಮರಳಿದ ದಿನ, ಪಾಳಿ ಮುಗಿಸಿ ಹಜಾರದಲ್ಲಿ ನಿಂತಾಗ, ಎಗೊನ್ ಹೆದರುತ್ತ ಹೆದರುತ್ತ "ಬೆನ್ನು" ಅಂದ. ಲೋಟಾರ್ ಸಾಬೂನು ಎತ್ತಿಕೊಂಡ. ತಳ ಹತ್ತಿದ ಪಾತ್ರೆಯನ್ನು ಮರಳು ಹಾಕಿ ಉಜ್ಜುವವನ ಹಾಗೆ ಉಜ್ಜಿದ. ಎಗೊನನ ಕಣ್ಣಲ್ಲಿ ನೀರು ಬಂತು, ಸುಖ ಎಷ್ಟು ನೋವು ಎಷ್ಟು ಅಂತ ಅವನಿಗೇ ತಿಳಿಯಲಿಲ್ಲ. ಆಮೇಲೆ ಲೋಟಾರ್ ತಿರುಗಿ ನಿಂತ, ತುಟಿ ಬಿಚ್ಚಲಿಲ್ಲ. ಎಗೊನ್ ಉಜ್ಜಿದ.

ಗಣಿ ಮುಚ್ಚುವವರೆಗೂ ಹೀಗೇ ನಡೆಯಿತು. ಬೀದಿಯಲ್ಲಿ ಎದುರಾದರೆ ಲೋಟಾರ್ ಆಚೆ ಬದಿಗೆ ದಾಟುತ್ತಿದ್ದ. ಹಜಾರದಲ್ಲಿ ಅವನ ಕೈ ಮಾತ್ರ ಬಂದು ಎಲ್ಲವನ್ನೂ ಹೇಳಿ ಹೋಗುತ್ತಿತ್ತು. ಅಡ್ಡಡ್ಡಕ್ಕೆ ರಭಸವಾಗಿ ಉಜ್ಜಿದರೆ ಭಾನುವಾರದ ಪಂದ್ಯದಲ್ಲಿ ಹಕ್ಕಿ ಸೋತಿದೆ. ಸುತ್ತಿ ಸುತ್ತಿ ಉಜ್ಜಿದರೆ ಗೆದ್ದಿದೆ. ಒಂದು ಚಳಿಗಾಲವಿಡೀ ಕೈ ಬೆನ್ನಿನ ಒಂದೇ ಜಾಗದಲ್ಲಿ ನಿಂತು ನಿಂತು ಹೋಗುತ್ತಿತ್ತು. ಲೋಟಾರನ ಹೆಂಡತಿಯ ಕಾಯಿಲೆ ವಾಸಿಯಾಗುವಂಥದ್ದಲ್ಲವೆಂದು ಬೀದಿಗೆ ತಿಳಿಯುವ ಮೊದಲೇ ಎಗೊನನ ಬೆನ್ನಿಗೆ ತಿಳಿದಿತ್ತು. ಕಡೆಯ ಪಾಳಿಯ ದಿನ ಹೊರಗೆ ಬ್ಯಾಂಡು ನುಡಿಸುತ್ತಿತ್ತು, ಗಣ್ಯರು ಮೈಕಿನಲ್ಲಿ ಅಳುತ್ತಿದ್ದರು. ಒಳಗೆ ಹಜಾರದಲ್ಲಿ ಲೋಟಾರ್ ಸಾಬೂನು ಕರಗಿ ಮುಗಿಯುವವರೆಗೂ ಉಜ್ಜಿದ.

ಅಂದಿನಿಂದ ಎಗೊನನ ಬೆನ್ನಿಗೆ ಸುದ್ದಿಯೇ ಬರಲಿಲ್ಲ.

ಗಣಿ ಮುಚ್ಚಿದ ನಗರ ಬೇರೆ ಕಸುಬು ಹಿಡಿಯಿತು: ಸಂಸ್ಕೃತಿ. ಎಸ್ಸೆನ್‌ನಲ್ಲಿ ಅದು ಮೊದಲೂ ಇತ್ತು, ಆದರೆ ದಕ್ಷಿಣದ ಗುಡ್ಡಗಳ ಕಡೆ, ಕೆರೆಯಂಚಿನ ಬಂಗಲೆಗಳವರ ಪಾಲಿಗೆ. ಉತ್ತರದವರು ಅಗೆದರು, ದಕ್ಷಿಣದವರು ಆ ಕಾವಿನಲ್ಲಿ ಕೂತು ಪಿಟೀಲು ಕೇಳಿದರು. ಉತ್ತರದಲ್ಲಿ ಬಿಳಿ ಅಂಗಿ ಒಣಹಾಕಿದರೆ ಒಣಗುವಷ್ಟರಲ್ಲಿ ಬೂದು ಬಣ್ಣಕ್ಕೆ ತಿರುಗುತ್ತಿದ್ದ ಕಾಲ ಅದು. ಈಗ ಉಕ್ಕಿನ ಕುಲುಮೆಗಳು ತಣ್ಣಗಾಗಿ, ಆಕಾಶ ತೊಳೆದ ತಟ್ಟೆಯಂತಾಗಿ, ಪಿಟೀಲುಗಳು ಉತ್ತರಕ್ಕೆ ಬಂದವು. ಇದ್ದಲು ಸೋಸುವ ಕಟ್ಟಡದಲ್ಲಿ ಚಿತ್ರಗಳನ್ನು ತೂಗುಹಾಕಿದರು. ಎಗೊನ್ ಕೆಮ್ಮುತ್ತಿದ್ದ ಜಾಗಕ್ಕೆ ಜನ ಟಿಕೆಟ್ ಕೊಂಡು ನಿಟ್ಟುಸಿರು ಬಿಡಲು ಬಂದರು. ಆಗಾಥೆಯ ಸ್ನಾನದ ಹಜಾರ ನೃತ್ಯಶಾಲೆಯಾಯಿತು. ಎಗೊನ್ ಇದನ್ನೆಲ್ಲ ಗೂಡಂಗಡಿಯ ಮುಂದೆ ನಿಂತು, ಬಿಯರ್ ಬಾಟಲಿ ಹಿಡಿದು, ದೊಡ್ಡ ಮನಸ್ಸಿನಿಂದ ಕ್ಷಮಿಸಿದ್ದ.

ಗೂಡಂಗಡಿಯ ರೋಜಿ ಸಿಗರೇಟು, ಮಿಠಾಯಿ, ಪತ್ರಿಕೆಯ ಜೊತೆ ಬೀದಿಯ ಸುದ್ದಿಯನ್ನೂ ಮಾರುತ್ತಿದ್ದಳು, ಸುದ್ದಿಗೆ ಕಾಸು ಕೇಳುತ್ತಿರಲಿಲ್ಲ. ಆ ವರ್ಷ ಮೇ ತಿಂಗಳಲ್ಲಿ ಒಂದು ಸೋಮವಾರ ಅವಳು ಕಿಟಕಿಯಿಂದ ಬಗ್ಗಿದಳು.

"ಲೋಟಾರ್ ಹೊರಟ."

"ಎಲ್ಲಿಗೆ, ಪಂದ್ಯಕ್ಕಾ?"

"ಹಕ್ಕಿ ಎಲ್ಲಾ ಕೊಟ್ಟುಬಿಟ್ಟಿದಾನೆ ಮಾರಾಯ, ಇನ್ನೆಲ್ಲಿ ಪಂದ್ಯ? ಓಲ್ಡೆನ್‌ಬುರ್ಗ್ ಹತ್ರ, ಮಗಳ ಮನೆಗೆ. ಪೂರ್ತಿಯಾಗಿ. ಶನಿವಾರ ಲಾರಿ ಬರತ್ತೆ."

ಲೋಟಾರ್ ಕ್ರಿಸ್ಮಸ್‌ಗೆಂದು ಮಗಳ ಮನೆಗೆ ಹೋದವನು ಚಳಿಗಾಲ ಕಳೆದು ಮೊನ್ನೆ ತಾನೇ ಮರಳಿದ್ದ. ಎಗೊನ್ ಬಾಟಲಿಯನ್ನು ಕಟ್ಟೆಯ ಮೇಲಿಟ್ಟ.

"ಅಲ್ಲೇನಿದೆಯಂತೆ?"

"ಮಗಳಿದಾಳೆ. ಗಾಳಿ ಇದೆ. ನೀನಿಲ್ಲ."

"ನಾನು ಅವನಿಗೇನು ಮಾಡಿದೀನಿ?"

"ಪಾರಿವಾಳ ಬೇಯಿಸಿದೀಯ."

"ಬೇಯ್ಸಿದ್ದು ಇರ್ಮಾ."

"ಹೋಗಿ ಮಾತಾಡ್ಸೋ ಮುದುಕ. ಹೋದ್ಮೇಲೆ ಯಾರನ್ನ ಮಾತಾಡಿಸ್ತೀಯ, ಗೇಟನ್ನಾ?"

ಎಗೊನನಿಗೆ ಆ ರಾತ್ರಿ ನಿದ್ದೆ ಹತ್ತಲಿಲ್ಲ. ಅವನಿಗೆ ಸೂಪಿನ ಕ್ಷಮೆ ಬೇಕಿರಲಿಲ್ಲ, ಅದರ ಆಸೆ ಎಂದೋ ಬತ್ತಿತ್ತು. ಒಂದು ಮಾತು ಬೇಕಿತ್ತು. ಬೈಗುಳವಾದರೂ ಸರಿ, ಆದರೆ ಲೋಟಾರನ ಬಾಯಿಂದ, ಅವನ ಕಿವಿಗೆ, ಶನಿವಾರದೊಳಗೆ.

ಉಪಾಯ ತಾನಾಗಿ ಬಾಗಿಲಿಗೆ ಬಂತು. ನೃತ್ಯಶಾಲೆಯ ಒಡತಿ ಮಾರೆನ್ ಎಂಬ ಬಡಕಲು ಹೆಂಗಸು ಹಳೆಯ ಗಣಿಯವರನ್ನು ಹುಡುಕಿಕೊಂಡು ಬೀದಿ ಸುತ್ತುತ್ತಿದ್ದಳು. ಸ್ಪರ್ಶದ ಬಗ್ಗೆ ಒಂದು ನೃತ್ಯ ಕಟ್ಟುತ್ತಿದ್ದಳಂತೆ.

"ನಿಮ್ಮ ಕೈಗಳಿಗೆ ಏನು ನೆನಪಿದೆಯೋ ಅದು ನಮಗೆ ಬೇಕು, ಶಿಮಾನ್ಯಾಕ್ ಅವರೇ. ನೀವು ಒಬ್ಬರಿಗೊಬ್ಬರು ಬೆನ್ನು ಉಜ್ಜುತ್ತಿದ್ದಿರಂತಲ್ಲ."

"ಕೈಗೆ ನೆನಪಿರಲ್ಲಮ್ಮ, ಬೆನ್ನಿಗಿರತ್ತೆ," ಎಂದ ಎಗೊನ್. "ಬರ್ತೀನಿ. ಆದ್ರೆ ಉಜ್ಜೋಕೆ ಬ್ರಿಂಕ್‌ಹೋಫೇ ಆಗ್ಬೇಕು. ನನ್ನ ಹೆಸರು ಮಾತ್ರ ಅವನಿಗೆ ಹೇಳ್ಬೇಡಿ."

ಗುರುವಾರ ಮಧ್ಯಾಹ್ನ ಎಗೊನ್ ಕ್ಷೌರ ಮಾಡಿಸಿಕೊಂಡು, ಇಸ್ತ್ರಿ ಅಂಗಿ ತೊಟ್ಟು, ಮದುವೆ ಗಂಡಿನಂತೆ ಹಜಾರಕ್ಕೆ ಹೋದ. ಮಾಳಿಗೆಯಲ್ಲಿ ಸರಪಳಿಗಳು ಹಾಗೇ ಇದ್ದವು, ನೀಲಿ ದೀಪ ಬಿಟ್ಟಿದ್ದರು. ಕೊಕ್ಕೆಗಳಲ್ಲಿ ಯಾರೂ ಎಂದೂ ತೊಡದ ಬಿಳಿ ಅಂಗಿಗಳನ್ನು ತೂಗುಹಾಕಿದ್ದರು. ನೆಲದ ಮೇಲೆ ಎಂಟು ಹತ್ತು ಹುಡುಗ ಹುಡುಗಿಯರು ಬರಿಗಾಲಲ್ಲಿ ಕೂತು, ಪವಾಡ ನೋಡುವ ಭಕ್ತರಂತೆ ಬಾಯಿ ಅರೆ ತೆರೆದಿದ್ದರು. ಎಗೊನ್ ಅಂಗಿ ಬಿಚ್ಚಿದ. ಯಾರೋ ಉಸಿರು ಎಳೆದುಕೊಂಡರು. ಅವನು ಬೆನ್ನನ್ನು ಇನ್ನೂ ಸ್ವಲ್ಪ ಅಗಲ ಮಾಡಿದ.

ಲೋಟಾರ್ ಬಂದ. ತಲೆಗೆ ಟೊಪ್ಪಿ, ಬಲಗೈ ಕೋಟಿನ ಜೇಬಿನಲ್ಲಿ. ನಿಂತಿದ್ದ ಬೆನ್ನು ಯಾರದೆಂದು ಬಾಗಿಲಲ್ಲೇ ಗೊತ್ತಾಗಿ ನಿಂತುಬಿಟ್ಟ.

"ಲೋಟಾರ್," ಎಂದ ಎಗೊನ್, ತಿರುಗದೆ. "ಬೆನ್ನು."

ಹಜಾರದಲ್ಲಿ ಎಲ್ಲೋ ಒಂದು ಸರಪಳಿ ಕಿರುಗುಟ್ಟಿತು. ಲೋಟಾರ್ ನಡೆದು ಬಂದ, ಹತ್ತಿರ ನಿಂತ. ಅವನ ಉಸಿರು ಎಗೊನನ ಭುಜಕ್ಕೆ ತಾಗುವಷ್ಟು ಹತ್ತಿರ. ಆಮೇಲೆ ಅವನು ಮಾರೆನ್ ಕಡೆ ತಿರುಗಿದ.

"ಈ ಬೆನ್ನಲ್ಲಿ ಕೊಳೆ ಇಲ್ಲಮ್ಮ. ಕೊಳೆ ಇಲ್ಲದ ಬೆನ್ನು ನಮ್ಮಲ್ಲಿ ಯಾರೂ ಉಜ್ಜಲ್ಲ."

ಎಡಗೈಯಿಂದ ಟೊಪ್ಪಿ ಸರಿಮಾಡಿಕೊಂಡು ಹೊರಟುಹೋದ. ಮಾರೆನ್ ಕೆನ್ನೆಗೆ ಕೈ ಇಟ್ಟು, "ಅದ್ಭುತ. ಇದನ್ನ ಹೀಗೇ ಇಟ್ಕೊಳ್ಳೋಣ," ಎಂದಳು. ಎಗೊನ್ ಅಂಗಿ ಹಾಕಿಕೊಂಡ. ಗುಂಡಿಗಳು ಒಂದೊಂದು ಕಾಜ ತಪ್ಪಿ ಬಿದ್ದವು.

ಮನೆಯಲ್ಲಿ ಇರ್ಮಾ ಆಲೂಗಡ್ಡೆ ಸುಲಿಯುತ್ತಿದ್ದಳು.

"ಏನಂದ?"

"ನನಗೇನೂ ಅನ್ಲಿಲ್ಲ. ಆ ಹೆಂಗಸಿಗೆ ಅಂದ. ಕೊಳೆ ಇಲ್ವಂತೆ, ಉಜ್ಜಲ್ವಂತೆ."

"ಸರಿಯಾಗೇ ಅಂದಿದಾನೆ."

"ನೀನೂ ಅವನ ಕಡೆನಾ?"

"ಅಲ್ಲ ಕಣೋ ದಡ್ಡ. ಕೊಳೆ ಇಲ್ಲ ಅಂದ್ರೆ ಕೊಳೆ ಮಾಡ್ಕೋ. ಆಗ ಹೇಗೆ ಇಲ್ಲ ಅಂತಾನೆ ನೋಡ್ತೀನಿ."

ಎಗೊನ್ ಹೆಂಡತಿಯನ್ನು ನೋಡಿದ. ಐವತ್ತು ವರ್ಷ ಸಂಸಾರ ಮಾಡಿದ ಮೇಲೂ ಕೆಲವು ಹೆಂಗಸರನ್ನು ಮತ್ತೆ ಮದುವೆಯಾಗಬೇಕು ಅನ್ನಿಸುತ್ತದೆ.

ಅವರ ನೆಲಮಾಳಿಗೆಯಲ್ಲಿ ಇದ್ದಲು ಇತ್ತು. ಗಣಿಯಿಂದ ನಿವೃತ್ತರಾದವರಿಗೆ ಸಿಗುತ್ತಿದ್ದ ಪಾಲಿನ ಕಡೆಯ ರಾಶಿ ಅದು. ಮನೆಗೆ ಗ್ಯಾಸಿನ ಒಲೆ ಬಂದ ಮೇಲೂ ಎಗೊನ್ ಅದನ್ನು ಯಾರಿಗೂ ಕೊಟ್ಟಿರಲಿಲ್ಲ, ಕೆಲವರು ಚಿನ್ನ ಇಟ್ಟುಕೊಳ್ಳುವ ಹಾಗೆ ಇಟ್ಟುಕೊಂಡಿದ್ದ. ಶನಿವಾರ ಬೆಳಿಗ್ಗೆ ಅವನು ಬರಿಮೈಯಲ್ಲಿ ಮೆಟ್ಟಿಲಿಳಿದು ಕೂತ. ಇರ್ಮಾ ಪುಡಿಯನ್ನು ನೀರಲ್ಲಿ ಕಲಸಿ, ಮದುವೆ ಮನೆಯಲ್ಲಿ ಅರಿಶಿನ ಹಚ್ಚುವವಳ ಹಾಗೆ ಬೆನ್ನಿಗೆಲ್ಲ ಬಳಿದಳು. ಎದೆಗೂ ಮುಖಕ್ಕೂ ಅವನೇ ಮೆತ್ತಿಕೊಂಡ. ಎದ್ದು ನಿಂತಾಗ ಮೂಗಿಗೆ ಹಳೆಯ ವಾಸನೆ ಬಡಿದು ಒಂದು ಕ್ಷಣ ಮೆಟ್ಟಿಲಿನ ಕಂಬಿ ಹಿಡಿದುಕೊಂಡ. ಮೇಲೆ ಹೋದರೆ ಪಾಳಿಯವರೆಲ್ಲ ಅಲ್ಲೇ ಇರುತ್ತಾರೆ ಅನ್ನಿಸಿತ್ತು.

ಮೇಲೆ ಇದ್ದದ್ದು ಶನಿವಾರದ ಬೀದಿ. ಕಾರು ತೊಳೆಯುವವರು, ಬೇಲಿ ಕತ್ತರಿಸುವವರು, ಬ್ರೆಡ್ಡು ಕೊಂಡು ಬರುವವರು. ಅವರ ನಡುವೆ ಎಗೊನ್ ಶಿಮಾನ್ಯಾಕ್, ಷರಾಯಿ ಮಾತ್ರ ತೊಟ್ಟು, ಸೊಂಟದಿಂದ ಮುಡಿಯವರೆಗೆ ಕಪ್ಪಾಗಿ, ದಿಗ್ವಿಜಯಕ್ಕೆ ಹೊರಟ ರಾಜನಂತೆ ನಡೆದ. ಎದುರುಮನೆಯ ಇಸ್ಮೆತ್, ಅದೇ ಗಣಿಯಲ್ಲಿ ದುಡಿದವನು, ಕಿಟಕಿಯಿಂದ ಕೇಳಿದ:

"ಏನೋ ಎಗೊನ್, ಗಣಿ ಮತ್ತೆ ತೆಗೆದ್ರಾ?"

"ನನ್ನೊಬ್ಬನಿಗೆ ತೆಗೆದಿದಾರೆ."

"ನಮಗೂ ಒಂದ್ ಮಾತು ಹೇಳೋದಲ್ವಾ," ಎಂದ ಇಸ್ಮೆತ್. ಆಮೇಲೆ ನಗಲಿಲ್ಲ, ಕಿಟಕಿಯಲ್ಲೇ ನಿಂತು ನೋಡಿದ.

ಲೋಟಾರನ ಮನೆ ಮುಂದೆ ಲಾರಿ ನಿಂತಿತ್ತು. ಅರ್ಧ ಸಾಮಾನು ಒಳಗೆ, ಅರ್ಧ ಅಂಗಳದಲ್ಲಿ. ಮಗಳು ಬಿರ್ಗಿಟ್ ಕುರ್ಚಿ ಹೊತ್ತವಳು ಹಾಗೇ ನಿಂತಳು.

"ಎಗೊನ್ ಮಾಮ, ಏನಿದು ಅವತಾರ?"

ಲಾರಿ ಚಾಲಕ ಮೆಲ್ಲಗೆ, "ಪೊಲೀಸರನ್ನ ಕರೀಲಾ?" ಅಂದ.

ಲೋಟಾರ್ ಬಾಗಿಲಲ್ಲಿದ್ದ. ಎಗೊನ್ ಅಂಗಳದ ನಡುವೆ ನಿಂತು ಅವನಿಗೆ ಬೆನ್ನು ತಿರುಗಿಸಿದ. ಮುಖ ನೋಡಿದರೆ ಧೈರ್ಯ ಹೋಗುತ್ತಿತ್ತು.

"ಲೋಟಾರ್. ಬೆನ್ನು."

ಹೆಜ್ಜೆಗಳು ಒಳಗೆ ಹೋದವು. ಎಗೊನ್ ಅಂದುಕೊಂಡ: ಇಷ್ಟೇ ಹಾಗಾದರೆ, ನಿಯಮವೂ ಸತ್ತಿತು. ಅಷ್ಟರಲ್ಲಿ ಒಳಗೆ ನಲ್ಲಿ ಬಿಟ್ಟ ಸದ್ದು. ಬಕೆಟ್ಟಿಗೆ ನೀರು ಬೀಳುವ ಸದ್ದು. "ಸಾಬೂನೆಲ್ಲ ಪೆಟ್ಟಿಗೇಲಿದೆಯಪ್ಪಾ," ಎಂದಳು ಬಿರ್ಗಿಟ್, ಆಮೇಲೆ ಪೆಟ್ಟಿಗೆ ಹರಿದ ಸದ್ದು.

ತಣ್ಣೀರು ಬೆನ್ನ ಮೇಲೆ ಬಿತ್ತು. ಕೈ ಬಂತು. ಎರಡನೆಯ ಸಲ ಅದು ಮೇಲಿನಿಂದ ಕೆಳಕ್ಕೆ ಬರುವಷ್ಟರಲ್ಲೇ ಬೆನ್ನು ಹೇಳಿತು: ಇದು ಆ ಕೈಯಲ್ಲ. ದಾರಿ ಗೊತ್ತಿಲ್ಲದ, ತಡವರಿಸುವ ಕೈ.

"ಬಲಗೈ ಎಲ್ಲೋ?" ಎಂದ ಎಗೊನ್.

ಕೈ ನಿಂತಿತು.

"ಸತ್ತಿದೆ," ಎಂದ ಲೋಟಾರ್. ದನಿ ಮುದಿಯಾಗಿತ್ತು, ಎಗೊನನನ್ನು ಹಿಂದೆ ಮಾತಾಡಿಸುತ್ತಿದ್ದದ್ದು ಬೇರೆ ದನಿ. "ಕ್ರಿಸ್ಮಸ್ ಆದ್ಮೇಲೆ. ತಲೇಲೇನೋ ಒಡೀತು. ಕೂತ್ಕೋ, ಮೇಲೆ ಎಟಕ್ತಿಲ್ಲ."

ಎಗೊನ್ ಪುಸ್ತಕದ ಪೆಟ್ಟಿಗೆಯ ಮೇಲೆ ಕೂತ. ಮಾತು ಬಂದಿತ್ತು, ಒಂದಲ್ಲ ಹತ್ತು ಬಂದಿತ್ತು.

"ಯಾಕೋ ಹೇಳ್ಲಿಲ್ಲ?"

"ಹೇಳೋಕೆ ನಾವು ಮಾತಾಡ್ತಿದ್ವಾ?"

"ಮೊನ್ನೆ ಹಜಾರದಲ್ಲಾದ್ರೂ..."

"ಆ ಹುಡುಗೀರ ಮುಂದೆ ಎಡಗೈಲಿ ಉಜ್ಜಲಾ? ನನ್ನ ಮರ್ಯಾದೆ ಏನಾಗ್ಬೇಕು?" ಕೈ ಸ್ವಲ್ಪ ಬಿರುಸಾಯಿತು. "ಇದನ್ನ ಬಳಿದೋಳು ಇರ್ಮಾನಾ? ಕಂಕುಳ ಹತ್ರ ಎಲ್ಲಾ ಬಿಟ್ಟಿದಾಳೆ. ನೆಟ್ಟಗೆ ಕೂತ್ಕೋ. ಯಾವಾಗ್ಲೂ ಗೂನು ಬೆನ್ನೇ ನಿಂದು."

ಎಗೊನ್ ನೆಟ್ಟಗೆ ಕೂತ. ಕಪ್ಪು ನೀರು ಅಂಗಳದ ಕಲ್ಲುಗಳ ಸಂದಿಯಲ್ಲಿ ಹರಿದು ಚರಂಡಿಯ ಕಡೆ ಹೊರಟಿತು. ಲೋಟಾರ್ ಬೈಯುತ್ತಲೇ ಇದ್ದ: ಎಗೊನನ ಬಟಾಣಿಯನ್ನು, ಬೇಲಿಯನ್ನು, ಮಗನ ಕಾರನ್ನು, ನಾಲ್ಕು ಮನೆಯಾಚೆಯಿಂದ ಇಷ್ಟು ವರ್ಷ ನೋಡಿ ಕೂಡಿಟ್ಟದ್ದನ್ನೆಲ್ಲ. ಎಗೊನ್ ಕಣ್ಣು ಮುಚ್ಚಿಕೊಂಡು ಒಂದೊಂದನ್ನೂ ಕೇಳಿದ. ಎಡಗೈ ದಾರಿ ಕಲಿಯುತ್ತಿತ್ತು.

ಚಾಲಕ ಹಾರ್ನ್ ಒತ್ತಿದ. ಆಮೇಲೆ ಇನ್ನೊಮ್ಮೆ.

"ಅಪ್ಪಾ, ಸಂಜೆಗೆ ಮುಟ್ಟಬೇಕು," ಎಂದಳು ಬಿರ್ಗಿಟ್. ಅವಳ ದನಿಯಲ್ಲಿ ಅವಸರ ಇರಲಿಲ್ಲ, ಹೇಳಲೇಬೇಕಾಗಿ ಹೇಳಿದಳು.

ಎಡ ಭುಜದಿಂದ ಕೆಳಗೆ ಅರ್ಧ ಬೆನ್ನು ಇನ್ನೂ ಕಪ್ಪಾಗಿತ್ತು. ಲೋಟಾರ್ ಒದ್ದೆ ಕೈಯನ್ನು ಕೋಟಿಗೆ ಒರೆಸಿಕೊಂಡ. ಎಗೊನ್ ಎದ್ದು ಮೊದಲ ಸಲ ಅವನ ಮುಖ ನೋಡಿದ.

"ಈಗ ನಿಂದು. ತಿರುಗು."

"ನನ್ನ ಬೆನ್ನಲ್ಲಿ ಕೊಳೆ ಇಲ್ಲ."

"ಹಾಗಾದ್ರೆ ನಾನು ಉಜ್ಜೋದು ಬಾಕಿ ಉಳೀತಲ್ಲೋ."

ಲೋಟಾರ್ ಲಾರಿಯತ್ತ ನಡೆದ. ಹತ್ತುವುದು ಕಷ್ಟವಾಯಿತು, ಎಗೊನ್ ಹಿಂದಿನಿಂದ ತಳ್ಳಿದ. ಬಾಗಿಲು ಹಾಕಿದ ಮೇಲೆ ಗಾಜು ಇಳಿಯಿತು.

"ಮಗಳ ಮನೆ ಹಿಂದೆ ದನದ ಕೊಟ್ಟಿಗೆ ಇದೆ," ಎಂದ ಲೋಟಾರ್, ಮುಂದಿನ ರಸ್ತೆಯನ್ನೇ ನೋಡುತ್ತ. "ಕೊಳೆಗೇನೂ ಬರ ಇಲ್ಲ."

ಲಾರಿ ಹೊರಟಿತು. ಇಸ್ಮೆತ್‌ನ ಕಿಟಕಿ ದಾಟಿ, ರೋಜಿಯ ಗೂಡಂಗಡಿ ದಾಟಿ, ಗಣಿಯ ಗೋಪುರದ ತಿರುವಿನಲ್ಲಿ ಮರೆಯಾಯಿತು. ಇರ್ಮಾ ಟವೆಲು ಹಿಡಿದು ಬಂದಳು.

"ಬಾ ಒಳಗೆ. ಉಳಿದದ್ದನ್ನ ನಾನು ತೊಳೀತೀನಿ."

"ಬೇಡ, ಇರ್ಲಿ."

"ಹಾಸಿಗೆ ಬಟ್ಟೆ ಗತಿ?"

"ಇರ್ಲಿ ಕಣೇ. ಓಲ್ಡೆನ್‌ಬುರ್ಗ್‌ಗೆ ರೈಲು ಎಷ್ಟು ಹೊತ್ತಿಗಿದೆ ಅಂತ ರೋಜಿಗೆ ಗೊತ್ತಿರತ್ತೆ. ಕೇಳ್ಕೊಂಡ್ ಬಾ."

ಇರ್ಮಾ ಹೋದಳು. ಎಗೊನ್ ಖಾಲಿ ಅಂಗಳದಲ್ಲಿ ಒಬ್ಬನೇ ನಿಂತ. ತೊಳೆದ ಅರ್ಧಕ್ಕೆ ಗಾಳಿ ತಾಗಿ ತಣ್ಣಗಾಗುತ್ತಿತ್ತು. ತೊಳೆಯದ ಅರ್ಧದ ಮೇಲೆ ಬಿಸಿಲು ಬಿದ್ದು, ಇದ್ದಲು ಒಣಗಿ, ಚರ್ಮ ಮೆಲ್ಲಗೆ ಬಿಗಿಯತೊಡಗಿತ್ತು.